ನಡುವಿಗೊಂದು ಕಾಲು

ಮೇ ತಿಂಗಳು. ಕೋಲಾರದ ಒಳಾಂಗಣಕ್ಕೆ ಬೀಗ.
ಕಾವಲಿನ ಚೌಡಪ್ಪ ನನಗಷ್ಟೇ ತೆಗೆಯುತ್ತಾನೆ.
ಒಳಗೆ ಪಾರಿವಾಳದ ಹಿಕ್ಕೆ, ಗೋಡೆಯ ಮೊಳೆಗೆ ಇನ್ನೂ
ಮಾರ್ಚಿಯ ತಗಡಿನ ಅಂಕಿಗಳು:
ಅವರು ಎಪ್ಪತ್ತೊಂಬತ್ತು, ನಾವು ಎಪ್ಪತ್ತೊಂದು.
ಇಳಿಸಬೇಡ ಅಂದಿದ್ದೇನೆ. ಇರಲಿ.

ಮೂರನೇ ಕ್ವಾರ್ಟರಿನ ತನಕ ಹನ್ನೊಂದು ಪಾಯಿಂಟು ಮುಂದಿದ್ದೆವು.
ಆಮೇಲೆ ಐವರ ಮೊಣಕಾಲಿಗೂ ಒಟ್ಟಿಗೇ ವಯಸ್ಸಾಯಿತು.
ತಿರುಗಿ ಬೆಂಚು ನೋಡಿದೆ.
ನಾಲ್ಕು ಜನ. ನಾಲ್ವರೂ
ಕಟ್ಟಿದ್ದ ಲೇಸನ್ನೇ ಬಿಚ್ಚಿ ಕಟ್ಟುತ್ತಿದ್ದರು.

ಮಾಲೀಕರು ಫೋನಿನಲ್ಲಿ:
'ಒಬ್ಬ ಸ್ಟಾರ್ ತಂದುಬಿಡೋಣ ಕೋಚ್,
ಚೆನ್ನೈಯವನು, ಆರಡಿ ಎಂಟಂಗುಲ.'
ಆ ದುಡ್ಡಿಗೆ ನನಗೆ ಮೂವರು ಬರುತ್ತಾರೆ ಸಾರ್, ಅಂದೆ,
ಹೆಸರಿಲ್ಲದವರು,
ಎಂಟೆಂಟು ನಿಮಿಷ ಮನೆ ಕಾಯುವವರು.
'ಪೋಸ್ಟರಿಗೆ ಯಾರ ಮುಖ ಹಾಕೋದು?'

ಆಳ ಅಂದರೇನೆಂದು ಈ ಜಿಲ್ಲೆಗೆ ಹೇಳಿಕೊಡಬೇಕಿಲ್ಲ.
ಸಾವಿರದ ಐನೂರು ಅಡಿ ಕೊರೆಸಿ
ಬಿಳಿ ಧೂಳು ಮಾತ್ರ ಕಂಡವರು ಗೊತ್ತು,
ಇನ್ನಿಪ್ಪತ್ತಡಿ ಇಳಿದಿದ್ದರೆ ಸಿಗುತ್ತಿತ್ತು ಅಂತ
ಟೀ ಅಂಗಡಿಯಲ್ಲಿ ಲೆಕ್ಕ ಹೇಳುವವರೂ ಗೊತ್ತು.
ಈಗ ನಾನೂ ಆ ಅಂಗಡಿಯ ಗಿರಾಕಿ.

ನಸುಕಿಗೆ ಟೊಮೆಟೊ ಮಂಡಿಗೆ ಹೋದೆ.
ಅಮ್ಜದ್ ಅಂತೊಬ್ಬ. ಲಾರಿಯ ಮೇಲಿಂದ ಬಂದ ಖಾಲಿ ಕ್ರೇಟನ್ನು
ನೋಡದೆ ಹಿಡಿಯುತ್ತಾನೆ, ತಿರುಗದೆ ದಾಟಿಸುತ್ತಾನೆ.
ಅಂಥ ಅಂಗೈ ನನ್ನ ಹುಡುಗರಲ್ಲಿಲ್ಲ.
ತಿಂಗಳಿಗೆ ಎಷ್ಟು, ಕೇಳಿದ. ಹೇಳಿದೆ.
'ಅದು ನಂಗೆ ಹತ್ತು ರಾತ್ರಿಗೆ ಬತ್ತದೆ ಸಾರ್. ಅದೂ ಅಲ್ದೆ,
ಬರೀ ಕೂತ್ಕಳಕ್ಕೆ ಯಾರಾನ ಬತ್ತಾರಾ?'
ಒಂದು ಹಣ್ಣು ಒರೆಸಿ ಕೈಗಿಟ್ಟ. ಹುಳಿ.

ಕೂರುವುದು ಸುಲಭವಲ್ಲ, ಹೇಳಬೇಕಿತ್ತು ಅವನಿಗೆ.
ಹನ್ನೊಂದು ವರ್ಷ ಕೂತವನು ನಾನು.
ಬೆವರೇ ಹತ್ತದ ಜೆರ್ಸಿಯನ್ನು ಅಮ್ಮ
ಏನೂ ಕೇಳದೆ ಒಗೆದು ಹರವುತ್ತಿದ್ದಳು.
ತಣ್ಣಗಾದ ಮೈಯನ್ನು ಕರೆದ ಕ್ಷಣಕ್ಕೆ ಬಿಸಿಯಾಗಿಡುವುದು,
ಆಡುವವನ ಕಾಲು ಉಳುಕಲಿ ಎಂದು ಬಯಸದಿರುವುದು,
ಬಯಸಿ, ಆ ಪಾಪಕ್ಕೆ
ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವುದು.

ವಾಪಸು ಬಂದರೆ ಹಿಂದಿನ ಸಿಮೆಂಟು ಅಂಗಳದಲ್ಲಿ ಸದ್ದು.
ಆರೋಗ್ಯರಾಜ್, ನಮ್ಮ ಒಂಬತ್ತನೆಯವನು,
ಕೆಜಿಎಫ್‌ನಿಂದ ಮೊದಲ ಬಸ್ಸಿಗೆ ಬಂದು
ಎಡಗೈಯಲ್ಲಿ ಎಸೆಯುತ್ತಿದ್ದಾನೆ. ಒಂದೂ ಬೀಳುತ್ತಿಲ್ಲ.
ಯಾರು ಬರಹೇಳಿದ್ದು?
'ಯಾರೂ ಇಲ್ಲ ಸಾರ್. ಬಲಗಡೆ ಮುಚ್ಚಿಬಿಡ್ತಾರೆ, ಅದಕ್ಕೆ.'
ರಿಂಗಿಗೆ ತಾಗಿ ಬಂದ ಚೆಂಡನ್ನು
ಅವನಿಗೆ ವಾಪಸು ಕೊಡುತ್ತಾ ನಿಂತೆ, ಬಿಸಿಲೇರುವವರೆಗೆ.
ತಂಡದಿಂದ ಬಿಡುವವರ ಪಟ್ಟಿ ನನ್ನ ಜೇಬಿನಲ್ಲಿತ್ತು.
ಮೊದಲ ಹೆಸರು ಅವನದು.

ಮಧ್ಯಾಹ್ನ ಬೆಂಚನ್ನು ಲಗೇಜು ಆಟೋಗೆ ಹೇರಿ
ವೀರಾಚಾರಿಯ ಅಂಗಳಕ್ಕೆ ತಂದೆ.
ನಾಲ್ಕಡಿ ಉದ್ದ ಮಾಡಬೇಕು, ಇನ್ನೂ ಮೂವರು ಕೂರಬೇಕು.
ಹಲಗೆಯನ್ನು ಗೆಣ್ಣಿನಿಂದ ತಟ್ಟಿ ಕೇಳಿಸಿಕೊಂಡರು.
'ಉದ್ದ ಮಾಡೋದೇನ್ ಬಿಡಿ. ನಡೂಮಧ್ಯೆ ಬಾಗ್ತದೆ.
ಅಲ್ಲೊಂದು ಕಾಲು ಜಾಸ್ತಿ ಕೊಡಬೇಕು.
ಒಳಗಡೆ ಕೊಡ್ತೀನಿ, ಯಾರ್ಗೂ ಕಾಣಲ್ಲ.'

ಕೊಡಿ, ಅಂದೆ.
ಪೆನ್ಸಿಲು ಕಿವಿಯಲ್ಲಿತ್ತು. ಅಳತೆ ಬರೆಯಲು ಚೀಟಿ ಕೇಳಿದರು.
ಜೇಬಿನದನ್ನು ಮಗುಚಿ ಕೊಟ್ಟೆ.