ಕೊರಳಪಟ್ಟಿ

ಗೇಟಿನಲ್ಲೇ ಫೋನು ಇಸಿದುಕೊಂಡು
ಕಂದು ಲಕೋಟೆಗೆ ಹಾಕಿ ಹೆಸರು ಬರೆದರು.
ಕೊರಳಿಗೊಂದು ಪಟ್ಟಿ: ಐಲಿ, ಕೊಠಡಿ ಹದಿನಾಲ್ಕು.
ಕೆಳಗೆ ಸಣ್ಣಕ್ಷರ: ನಾನು ಮೌನದಲ್ಲಿದ್ದೇನೆ.

ಸಭಾಂಗಣಕ್ಕೆ ಗೋಡೆಯಷ್ಟಗಲ ಗಾಜು,
ಗಾಜಿನ ತುಂಬ ಪೆಸಿಫಿಕ್.
ಹೋದ ವಾರ ವಿಮೆ ಕಂಪನಿಯವರಿದ್ದರಂತೆ;
ಬಿಳಿ ಹಲಗೆಯಲ್ಲಿ ಸರಿಯಾಗಿ ಅಳಿಸದ ಬಾಣವೊಂದು
ಇನ್ನೂ ಮೇಲಕ್ಕೇ ಏರುತ್ತಿತ್ತು.
ಅದರಡಿ ಕೂತ ವೆಂಡೆಲ್, ಪಾದ್ರಿ,
ಮೊದಲು ಹಲ್ಲಿನ ಡಾಕ್ಟರು,
ಆಗ ಬಾಯಿ ತೆರೆಸುತ್ತಿದ್ದವನು, ಈಗ ಮುಚ್ಚಿಸುವವನು,
"ಸಮುದ್ರ ನೋಡಿ," ಎಂದ, "ಬೇರೇನೂ ಬೇಡ."

ನಾನು ಆಸ್ಟೋರಿಯಾದವಳು.
ನಮ್ಮ ಮನೆಯಲ್ಲಿ ಅದನ್ನು ಯಾರೂ ಸುಮ್ಮನೆ ನೋಡಿದವರಲ್ಲ.
ಅಪ್ಪ ಬೈಯುತ್ತಿದ್ದ,
ಅಮ್ಮ ಅಪ್ಪ ಬರುವ ಗಂಟೆ ಎಣಿಸುತ್ತಿದ್ದಳು,
ಧಕ್ಕೆಯ ಹಲಗೆ ಮೇಲೆ ಕಾಲು ಇಳಿಬಿಟ್ಟು
ತಂಗಿ ಹೆಲ್ಮಿಯೂ ನಾನೂ
ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದೆವು.

ಎರಡನೆಯ ದಿನ ಊಟಕ್ಕೆ ನಲವತ್ತು ಚಮಚ,
ಒಬ್ಬರ ಗುಟುಕು ಇನ್ನೊಬ್ಬರಿಗೆ ಕೇಳುವಷ್ಟು ನಿಶ್ಶಬ್ದ.
ನನಗೆ ಉಪ್ಪು ಬೇಕಿತ್ತು. ಕಣ್ಣಿನಲ್ಲೇ ಕೇಳಿದೆ.
ರೊವೀನಾ ನೀರು ಕೊಟ್ಟಳು.
ಕುಡಿದೆ.

ಆಮೇಲೆ ಧ್ಯಾನ. ಒಬ್ಬ ಮೊಣಕಾಲು ಕುಣಿಸುತ್ತಿದ್ದ,
ಒಬ್ಬಳು ಗಡಿಯಾರವಿಲ್ಲದ ಮಣಿಕಟ್ಟು ನೋಡಿಕೊಳ್ಳುತ್ತಿದ್ದಳು.
ನನಗೇನೂ ಆಗಲಿಲ್ಲ. ಹನ್ನೊಂದು ವರ್ಷದ ಅಭ್ಯಾಸ.
ಅಪ್ಪನ ದೋಣಿಯನ್ನು ಹೆಲ್ಮಿ
ನನಗೊಂದು ಮಾತು ಹೇಳದೆ ಮಾರಿದ ಏಪ್ರಿಲ್ಲಿನಿಂದ
ಒಂದೇ ಊರು, ಒಂದೇ ದಿನಸಿ ಅಂಗಡಿ,
ಒಂದೇ ಚರ್ಚಿನ ಎರಡು ಮಗ್ಗುಲು.
ವೆಂಡೆಲ್ ನನ್ನ ಬಳಿ ನಿಂತು
ಮೆಚ್ಚಿ ತಲೆಯಾಡಿಸಿದ.
ನಾಚಿಕೆಯಾಯಿತು.

ಆಗಲೇ ಕೆಳಗೆ ಬಂಡೆಗಳ ಮೇಲೆ
ಕಡಲಸಿಂಹಗಳ ಜಗಳ ಹತ್ತಿಕೊಂಡಿತು.
ಯಾರ ಜಾಗ ಯಾರದೋ, ಯಾರು ಯಾರನ್ನು ದಬ್ಬಿದರೋ,
ಗಂಟಲು ಹರಿಯುವಂತೆ ಬೈದುಕೊಂಡವು,
ಗಾಜು ಅದುರಿತು, ಮೊಂಬತ್ತಿ ಅದುರಿತು;
ಬೈದು ಬೈದು ಸುಸ್ತಾಗಿ
ಒಂದರ ಬೆನ್ನ ಮೇಲೆ ಇನ್ನೊಂದು ತಲೆಯಿಟ್ಟು
ನಿದ್ದೆ ಹೋದವು.
ರೊವೀನಾ ಮೊದಲು ಕಿಸಕ್ಕೆಂದಳು. ಆಮೇಲೆ ನಾನು.
ನನ್ನ ನಗು ಎಲ್ಲಿ ನಿಲ್ಲಬೇಕೆಂದು ತಿಳಿಯದೆ
ಬೇರೇನೋ ಆಗಿ ಮುಂದುವರಿಯಿತು.
ಯಾರೋ ಕಾಗದದ ಕರವಸ್ತ್ರ ಸರಿಸಿದರು.

ಭಾನುವಾರ ಲಕೋಟೆ ಹರಿದೆ. ಫೋನು ಸತ್ತಿತ್ತು.
ಕಾರಿನಲ್ಲಿ ಚಾರ್ಜಿಗೆ ಚುಚ್ಚಿ ಕಾದೆ,
ಗಾಜಿನಾಚೆ ಮಂಜು, ವೈಪರಿಗೆ ಅಂಟಿದ ಒಂದು ಗರಿ.
ಹೆಲ್ಮಿಯ ನಂಬರು ಎಂದೋ ಅಳಿಸಿಬಿಟ್ಟಿದ್ದೆ;
ಬೆರಳು ಮಾತ್ರ ಮರೆತಿರಲಿಲ್ಲ.
ಮೊದಲು ಬೈಯುತ್ತೇನೆ, ಅಂದುಕೊಂಡೆ,
ದೋಣಿಗೆ ಎಷ್ಟು ಬಂತು, ಕೇಳುತ್ತೇನೆ.

ಐದನೆಯ ರಿಂಗಿಗೆ ಅತ್ತಲಿಂದ ಬರೀ ಉಸಿರು.
ಕೊರಳಲ್ಲಿ ಪಟ್ಟಿ
ಇನ್ನೂ ನೇತಾಡುತ್ತಿತ್ತು.