ಅರ್ಧ ಎಲಿ ನನ್ನ ಕಡಿ

ಮೊಬೈಲು ಒಳಗ ಬಿಡಂಗಿಲ್ಲ, ಚೀಲ ಬಿಡಂಗಿಲ್ಲ,
ಅಮೆರಿಕಾದವರ ಆಫೀಸು ಅದು.
ಅದಕ್ಕ ನಾ ಇದ್ದೀನಿ,
ಬಾಂದ್ರಾ-ಕುರ್ಲಾದ ಗಾಜಿನ ಕಟ್ಟಡಗಳ ನಡುವ
ಗುಲ್‌ಮೊಹರಿನ ಬುಡಕ, ನೀಲಿ ತಾಡಪತ್ರಿ ಹಾಸಿ.
ಚೀಲಕ್ಕ ಐವತ್ತು, ಲ್ಯಾಪ್‌ಟಾಪ್ ಇದ್ರ ನೂರು.

ನನಗ ಬರಿಲಿಕ್ಕೆ ಬರಂಗಿಲ್ಲ.
ಇಸ್ಪೀಟ ಎಲಿ ನಡುವ ಹರದು
ಅರ್ಧಾ ಚೀಲಕ್ಕ ಸಿಗಸ್ತೀನಿ, ಅರ್ಧಾ ಅವರ ಕೈಯಾಗ.
ಎರಡೂ ಕೂಡಿ ರಾಣಿ ಆದ್ರ ಆ ಚೀಲ ರಾಣಿದು.
ಹನ್ನೊಂದು ವರ್ಷದಾಗ ಒಂದೂ ತಪ್ಪಿಲ್ಲ.

ಸಾಲಿನ್ಯಾಗ ನಿಂತವರು ಬಾಯಿಪಾಠ ಮಾಡತಾರ.
ಎಲ್ಲಿಗೆ ಹೊಂಟೀರಿ? ಎಷ್ಟ ದಿನ? ಏನ ನೋಡತೀರಿ?
ಕೇಳಿ ಕೇಳಿ ನನಗೂ ಆ ರಾಜ್ಯ ಎಲ್ಲಾ ಬಾಯಾಗ ಕುಂತಾವ:

ಆರಿಝೋನಾದಾಗ ನೆಲ ಬಿರದೈತಂತ,
ಬ್ಯಾಸಗ್ಯಾಗ ನಮ್ಮ ಇಂಡಿ ಕಡೆ ಎರಿ ಹೊಲ ಬಿರದಂಗ,
ಆದ್ರ ಆ ಬಿರುಕಿನ ತಳದಾಗ ಒಂದು ನದಿ,
ಹೇಸರಗತ್ತಿ ಹತ್ತಿ ಮಂದಿ ಇಳೀತಾರಂತ, ರೊಕ್ಕ ಕೊಟ್ಟು.
ವಯೋಮಿಂಗದಾಗ ಬಿಸಿನೀರು ನೆಲದಾಗಿಂದ ಮುಗಿಲಿಗೆ ಹಾರತೈತಿ
ಒಂದೂವರಿ ತಾಸಿಗೊಮ್ಮೆ, ಹೇಳಿದ ಹೊತ್ತಿಗೆ.
ಬೆಹರಾಮಪಾಡಾದ ನಮ್ಮ ನಳ
ನಸುಕಿನ ನಾಕಕ್ಕ ಅಂದು, ಐದಕ್ಕ ಕೆಮ್ಮತೈತಿ.
ನೆವಾಡಾದ ಮಾತು ಬಂದ್ರ ಗಂಡಸರು ದನಿ ಇಳಸತಾರ,
ನನ್ನ ಹರದ ಎಲಿ ನೋಡಿ ನಗತಾರ.
ಫ್ಲೋರಿಡಾದಾಗ ಮೊಸಳಿ, ಅಲಾಸ್ಕಾದಾಗ ಮುಳುಗದ ಹೊತ್ತು,
ಕ್ಯಾಲಿಫೋರ್ನಿಯಾದಾಗ ಗಿಡದ ಹೊಟ್ಟಿ ಕೊರದು ದಾರಿ ಮಾಡ್ಯಾರ.
ದಕ್ಷಿಣ ಡಕೋಟಾದಾಗ ಗುಡ್ಡಕ್ಕ ನಾಕ ಮಾರಿ ಕಡದಾರಂತ.
ಕಡದವರ ಉಸರು ಏನಾತು ಅಂತ ಕೇಳಿದೆ;
ಅದು ಟೂರಿನ ಕಾಗದದಾಗ ಇಲ್ಲ ಅಂದ್ರು.
ನಮ್ಮಪ್ಪ ಶಹಾಬಾದ ಖಣಿಯಾಗ ಕಲ್ಲು ಒಡದವ,
ಕೆಮ್ಮಿಕೋತ ಹ್ವಾದ. ಅದಕ್ಕ ಕೇಳಿದೆ, ಅಷ್ಟ.

ಬಾಗಲದಾಗಿಂದ ಬರೋವಾಗ ದೂರದಿಂದನ ತಿಳೀತೈತಿ.
ಪಾಸ್‌ಪೋರ್ಟು ಒಳಗ ಬಿಟ್ಟು ಬರಿಗೈಲೆ ಬಂದವರು ಗೆದ್ದವರು;
ಕೈಯಾಗ ಹಿಡಕೊಂಡು ಬಂದವರು ಸೋತವರು.
ನನ್ನ ಧಂದೇಕ ತಿರುವಿದ ಧಂದೆ ಅವರದು.

ಟಿಕೇಕರ ಬಾಯಿ ಪಾಸ್‌ಪೋರ್ಟು ಹಿಡಕೊಂಡ ಬಂದ್ರು.
ಪುಣೆಯ ಸಾಲಿಯಾಗ ಮೂವತ್ತೊಂದು ವರ್ಷ ಭೂಗೋಲ ಕಲಿಸಿದವರು,
ಬೋರ್ಡಿನ ಮ್ಯಾಲೆ ಕಣ್ಣು ಮುಚ್ಚಿ ಐವತ್ತೂ ರಾಜ್ಯ ಬರೀತಿದ್ದವರು.
ಎರಡು ನಿಮಿಷನೂ ಮಾತಾಡಸಲಿಲ್ಲ ಅಂದ್ರು.
ನಯಾಗರಾದ ಎತ್ತರ ಫೂಟಿನಲೆ ಹೇಳಿದ್ರಂತ,
ಆ ಹುಡುಗ ತಲಿ ಎತ್ತಲಿಲ್ಲ.
ಇಸ್ಪೇಟಿನ ಏಳರ ಅರ್ಧ ಕೊಟ್ರು, ಚೀಲ ತಗೊಳ್ಳಲಿಲ್ಲ.
ತಾಡಪತ್ರಿ ಮ್ಯಾಲೆ ಕುಂತ್ರು.
ಚೀಲದಾಗ ಯಾರದೋ ಫೋನು ಸುಮ್ನ ಬಡಕೋತಿತ್ತು.

ಕಟಿಂಗ ಚಹಾ ತರಿಸಿದೆ. ಅರ್ಧ ಕುಡದು
ಒಮ್ಮೆಲೆ ಬೆನ್ನು ನೆಟ್ಟಗ ಮಾಡಿ, ಸಾಹೇಬನ ದನಿ ತಗದು
ನನ್ನ ಕೇಳಿದ್ರು, ಅವರ ಪುಣೆದ ಹಿಂದಿಯಾಗ:
ನಾಮ?
ಸಾಬವ್ವ ಹಳ್ಳೂರ, ಅಂದೆ.
ಯಾಕ ಹೊಂಟೀರಿ?
ನೋಡಾಕ.
ಏನ ನೋಡಾಕ?
ವಯೋಮಿಂಗದ ಬಿಸಿನೀರು. ಒಂದು ಬಕೆಟ್ ತರಬೇಕಂತೀನಿ.
ಬಾಯಿ ನಗು ತಡಕೊಂಡ್ರು.
ಬ್ಯಾಂಕಿನ್ಯಾಗ ಎಷ್ಟೈತಿ?
ಸೀರಿ ಗಂಟಿನ್ಯಾಗ ಆರನೂರಾ ಐವತ್ತು.
ಹೋದಾಕಿ ತಿರುಗಿ ಬರತಿ ಅನ್ನೂದಕ್ಕ ಏನ ಖಾತ್ರಿ?

ನಾ ಹಿಂದ ನೋಡಿದೆ.
ಗೋಡಿಗೆ ಒರಗಿದ ನಲವತ್ತು ಚೀಲ.
ಮಂದಿ ಸಾಮಾನ ನನ್ನ ಕಡಿ ಐತ್ರಿ ಸಾಹೇಬ್ರ,
ಅವರ ಅರ್ಧ ಎಲಿ ಕೈಯಾಗ ಹಿಡಕೊಂಡು ನಿಂತಿರತಾರ.

ಬಾಯಿ ಬಾಳ ಹೊತ್ತು ಏನೂ ಅನಲಿಲ್ಲ.
ಆಮ್ಯಾಲೆ ನನ್ನ ಅಂಗೈ ತಗೊಂಡು
ಚಹಾದ ಗ್ಲಾಸಿನ ಬುಡ ಅದರ ಮ್ಯಾಲೆ ಒತ್ತಿದ್ರು.
ಒಂದು ಹಸಿ ವರ್ತುಲ ಮೂಡಿತು. ಮಂಜೂರ, ಅಂದ್ರು.

ಅಷ್ಟರಾಗ ಕಳಾವರ ಅರಸನ ಅರ್ಧ ಹಿಡಕೊಂಡು
ಬೆವತ ಮನಷ್ಯಾ ಒಬ್ಬ ಬಂದ, ಬರಿಗೈಲೆ, ನಕ್ಕೋತ.
ಲಗೂ ಕೊಡರಿ ಮೌಶಿ, ಮನಿಗೆ ಫೋನ ಹಚ್ಚಬೇಕು.
ಅಂಗೈ ಒರಸಿಕೊಳ್ಳದ, ಎಡಗೈಲೆ ಚೀಲ ಕೊಟ್ಟೆ.