ಕುಕ್ಕೆ

ಕೂತ್ಕೊಳ್ಳಿ ಸಾರ್, ಅಂಟು ಒಣಗೋಕೆ ಹತ್ತು ನಿಮಿಷ ಬೇಕು.
ಆ ಮೊಳೆಗೆ ನೇತಾಕಿರೋದಾ?
ಚಪ್ಪಲಿ ಅಲ್ಲ, ಬ್ಯಾಗೂ ಅಲ್ಲ.
ಕುಕ್ಕೆ.
ಹೊರಮಾವಿನ ಕಣದಲ್ಲಿ, ಈಗ ಅಲ್ಲಿ ಫ್ಲ್ಯಾಟು,
ನಮ್ಮಪ್ಪ ಎತ್ತಿನ ಬಾಯಿಗೆ ಕಟ್ಟೋರಲ್ಲ, ಹಗ್ಗದ್ದು,
ಅದೇ. ಇದು ತೊಗಲಿಂದು.
ಅದು, ಎತ್ತು ರಾಗಿಗೆ ಬಾಯಿ ಹಾಕದ ಹಾಗೆ.
ಇದು,
ಹೇಳ್ತೀನಿ.

ಮೂರನೇ ಕ್ರಾಸಲ್ಲಿ ಹಸಿರು ಗಾಜಿನ ಮನೆ ಐತಲ್ಲ, ಜಯಸಿಂಹ ಅವರದ್ದು,
ಒಂದು ಭಾನುವಾರ ಕರಕೊಂಡು ಬಂದ್ರು.
ರಾಟ್‌ವೀಲರ್ ಅಂತೆ. ಎರಡು ವರ್ಷ. ಹೆಸರು ಬುಲೆಟ್.
ಸರಪಳಿ ನೋಡಿದ್ರೆ ಲಾರಿ ಎಳೀಬಹುದು.
ಅದನ್ನ ಹಿಡಿದ ಕೈಲೇ ಫೋನೂ ಇತ್ತು.
"ಇದರಪ್ಪ ಸರ್ಬಿಯಾದ ಚಾಂಪಿಯನ್" ಅಂದ್ರು.
ನಮ್ಮಪ್ಪನ ಹೆಸರನ್ನ ಅಷ್ಟು ಗತ್ತಲ್ಲಿ
ನಾನು ಯಾವತ್ತೂ ಹೇಳಿಲ್ಲ.

ಅಳತೆ ತಗೋಬೇಕಲ್ಲ.
ಟೇಪು ತೆಗೆದ್ರೆ ಗುರ್ ಅಂತು.
ಟೇಪು ಬಿಟ್ಟು ನೂಲು ಹಿಡಿದೆ,
ಮಂಡಿಯೂರಿ, ಕಣ್ಣಿಗೆ ಕಣ್ಣು ಕೊಡದೆ,
ಅಂಗೈ ಮಡಚಿ ಮುಂದಿಟ್ಟೆ.
ಮೂಸಿತು. ನಲವತ್ತು ವರ್ಷದ ತೊಗಲು, ಮೇಣ, ಬೀಡಿ,
ಎಲ್ಲಾ ಓದಿಕೊಂಡು ಸುಮ್ಮನಾಯ್ತು.
ಮೂಗಿನ ಸುತ್ತಳತೆಗೆ ಒಂದು ಗಂಟು,
ದವಡೆಗೆ ಒಂದು, ಕಿವಿ ಹಿಂದಕ್ಕೊಂದು.
ಉಸಿರು ಮುದ್ದೆ ಆವಿ ಹಾಗೆ ಬಿಸಿ.
ಆ ದವಡೆ ಒಳಗೆ ಏನೈತೆ ಅಂತ
ನೂಲು ಹಿಡಿದ ಬೆರಳಿಗೆ ಗೊತ್ತಾಯ್ತು ಸಾರ್.
ನಾಯಿಗೂ ಗೊತ್ತಿತ್ತು ಅಂತ ಕಾಣುತ್ತೆ.
ಅವರು ಫೋಟೋ ತೆಗೀತಿದ್ರು.

ನೂರು ರೂಪಾಯಿ ಅಡ್ವಾನ್ಸು. ಬುಧವಾರ ಬನ್ನಿ ಅಂದೆ.
ನೀರು ಕುಡಿಯೋ ಹಾಗೆ, ನಾಲಿಗೆ ಚಾಚಿ ಏದೋ ಹಾಗೆ,
ಕಚ್ಚೋಕೆ ಮಾತ್ರ ಆಗದ ಹಾಗೆ,
ಮೂಗು ತರಚಬಾರದು ಅಂತ ಒಳಗೆ ಮೆತ್ತನೆ ಕುರಿ ತೊಗಲು ಕೊಟ್ಟು
ಮಂಗಳವಾರ ರಾತ್ರೀನೇ ಮುಗಿಸಿದೆ.

ಬುಧವಾರ ಬರಲಿಲ್ಲ.
ಕಾರು ಈ ಹೊಂಗೆ ಮರದ ಮುಂದೇ ಹೋಗೋದು,
"ಸಾರ್, ರೆಡಿ" ಅಂತ ಎತ್ತಿ ತೋರಿಸ್ತಿದ್ದೆ.
ಗಾಜು ಅರ್ಧ ಇಳೀತಿತ್ತು. "ನಾಳೆ, ನಾಳೆ."
ಒಂದು ಸಲ ಅಂದ್ರು, "ಹಾಕಿದ್ರೆ ಲುಕ್ ಹೋಗುತ್ತಪ್ಪ."
ಹಿಂದಿನ ಸೀಟಲ್ಲಿ ಬುಲೆಟ್ ನನ್ನ ಕೈ ನೋಡ್ತಿತ್ತು.

ಹತ್ತೊಂಬತ್ತು ದಿನ.
ಇಸ್ತ್ರಿ ವೇಲು ಮಗಳು ಕಲೈ, ಏಳನೇ ಕ್ಲಾಸು,
ಅವರದ್ದೇ ಅಂಗಿ ಕೊಡೋಕೆ ಅವರದ್ದೇ ಮನೆಗೆ ಹೋದಳು.
ಗೇಟು ತೆರೆದಿತ್ತು. ಅಷ್ಟೆ.
ಹನ್ನೊಂದು ಬಿಳಿ ಅಂಗಿ ರಸ್ತೆ ತುಂಬಾ.
ಕೆಲವಕ್ಕೆ ಮಡಿಕೆ ಕೂಡ ಕೆಟ್ಟಿರಲಿಲ್ಲ.
ಬಲಗೈ, ಮೊಣಕೈಯಿಂದ ಕೆಳಗೆ.
ಬೌರಿಂಗ್ ಆಸ್ಪತ್ರೆಗೆ ಆಟೋದಲ್ಲಿ ನಾನೂ ಹೋದೆ,
ಆ ಅಂಗೀನೇ ಒಂದು ಸುತ್ತಿದ್ವಿ.
ಮೂವತ್ತೇಳು ಹೊಲಿಗೆ.
ನಾನು ಹೊಲಿಯೋನು ಸಾರ್, ಎಣಿಸಬಾರದಿತ್ತು.

ಸಂಜೆ ಕಾರ್ಪೊರೇಷನ್ ವ್ಯಾನು ಬಂತು.
"ಆ ಜಾತೀನೇ ಅಂಥದ್ದು" ಅಂದ್ರು ಜನ.
ಆ ಮಾತು ನಮಗೆ ಹೊಸದಲ್ಲ, ಬಿಡಿ.
ಹಾಗಂತ ಆ ದವಡೆ ಸುಳ್ಳೂ ಅಲ್ಲ, ಅಳೆದೋನು ನಾನು.
ಅಂಥ ದವಡೆ ಸಾಕಿದೋನು
ದಿನಾ ಎದ್ದ ತಕ್ಷಣ ಅದನ್ನ ನೆನೆಸಿಕೊಂಡು
ಆಮೇಲೆ ಗೇಟಿನ ಚಿಲಕ ಮುಟ್ಟಬೇಕು.

ರಾತ್ರಿ ಒಂಬತ್ತಕ್ಕೆ ಅವರು ಬಂದ್ರು. ನಡಕೊಂಡು.
ಫೋನು ಜೇಬಲ್ಲಿತ್ತು, ಮೊದಲನೇ ಸಲ.
"ಅದು ಕೊಡು. ಒಂದು ರಸೀದಿ ಬರಿ,
ಹೋದ ತಿಂಗಳ ತಾರೀಖು ಹಾಕು.
ಐದು ಸಾವಿರ ಇಟ್ಕೋ."

ಲೆಕ್ಕದ ಪುಸ್ತಕ ತೆಗೆದು ತೋರಿಸಿದೆ.
ಜಯಸಿಂಹ. ನಾಯಿ ಕುಕ್ಕೆ. ಆರ್ನೂರೈವತ್ತು.
ಬಂದಿದ್ದು ನೂರು. ಬಾಕಿ.
ಆ ಪದದ ಮೇಲೆ ಬೆರಳಿಟ್ಟು ಸುಮ್ಮನೆ ಕೂತೆ.
ತುಂಬಾ ಹೊತ್ತು ನಿಂತಿದ್ರು. ಹೋದ್ರು.

ಮೊನ್ನೆ ಒಬ್ಬ ಹುಡುಗ, ಪಿಟ್‌ಬುಲ್ ಸಾಕವನಂತೆ,
"ಇದನ್ನ ಕೊಡ್ತೀರಾ ಮಾಮಾ?" ಅಂದ.
ಇದರ ಅಳತೆ ಬೇರೆ, ನಿನ್ನ ನಾಯಿ ಕರಕೊಂಡು ಬಾ ಅಂದೆ.
ಫೋನು ಮನೇಲಿಟ್ಟು ಬಾ.
ಇನ್ನೂ ಬಂದಿಲ್ಲ.

ಕಲೈ ಈಗ ಎಡಗೈಲಿ ಬರೀತಾಳೆ,
ಅಕ್ಷರ ಗುಂಡಗೆ ಬರ್ತಾವಂತೆ.

ಅಂಟು ಹಿಡೀತು ನೋಡಿ. ಹಾಕ್ಕೊಳ್ಳಿ,
ಎರಡು ಹೆಜ್ಜೆ ನಡೆದು ನೋಡಿ.
ಎಲ್ಲಾದ್ರೂ ಒತ್ತಿದ್ರೆ ಈಗಲೇ ಹೇಳಿ.